ಗುಂಡಿ ಡಬ್ಬಿಯ ಹರಳುಗಳು

ನನ್ನ ದೊಡ್ಡಮ್ಮ ಇಪ್ಪತ್ತೊಂಬತ್ತು ವರ್ಷ ಕಲ್ಲು ಆರಿಸಿದಳು. ಅಕ್ಕಿಯಲ್ಲಿ ಕಲ್ಲು ಆರಿಸುವವರು ಎಲ್ಲರ ಮನೆಯಲ್ಲೂ ಇದ್ದಾರೆ. ಅವಳು ಆರಿಸಿದ್ದು ಕಲ್ಲಿನಲ್ಲಿ ಕಲ್ಲು.

ಊರಾಚೆ ಕೈ ತೊಳೆಯುವ ಬೇಸಿನ್ನು ಮತ್ತು ಬಿಳಿ ಟೈಲು ಮಾಡುವ ಕಾರ್ಖಾನೆಯೊಂದಿತ್ತು. ಗಣಿಯಿಂದ ಲಾರಿಗಳಲ್ಲಿ ಬಂದ ಕಲ್ಲನ್ನು ಪುಡಿ ಮಾಡಿ, ಜೇಡಿಮಣ್ಣಿನಲ್ಲಿ ಕಲಸಿ, ಸುಟ್ಟು ಹೊಳಪು ಬರಿಸುವುದು ಅಲ್ಲಿಯ ಕೆಲಸ. ಆ ಕಲ್ಲಿಗೆ ಪುಸ್ತಕದಲ್ಲಿ ಉದ್ದನೆಯ ಹೆಸರೊಂದಿದೆ. ಕಾರ್ಖಾನೆಯವರು ಬಿಳಿಕಲ್ಲು ಎಂದಷ್ಟೇ ಕರೆಯುತ್ತಿದ್ದರು. ಬಿಳಿಕಲ್ಲಿನ ಜೊತೆ ಕಪ್ಪು ಕಡ್ಡಿಗಳೂ ಬರುತ್ತಿದ್ದವು, ಕೆಲವು ಪೆನ್ಸಿಲಿನಷ್ಟು ಸಣ್ಣ, ಕೆಲವು ಹೆಬ್ಬೆರಳಿನಷ್ಟು ದಪ್ಪ. ಅದರ ಒಂದು ಚೂರು ಪುಡಿಯಲ್ಲಿ ಸೇರಿದರೆ ಸಾಕು, ಸುಟ್ಟ ಮೇಲೆ ಬೇಸಿನ್ನಿನ ನಟ್ಟನಡುವೆ ನೊಣ ಕೂತ ಹಾಗೆ ಒಂದು ಚುಕ್ಕೆ. ಗಿರಾಕಿ ಅದನ್ನು ಓಡಿಸಲು ನೋಡುತ್ತಾನೆ, ಅದು ಓಡುವುದಿಲ್ಲ, ಬೇಸಿನ್ನು ವಾಪಸ್ಸು ಬರುತ್ತದೆ. ಅದಕ್ಕೆಂದೇ ಸಾಗುವ ಬೆಲ್ಟಿನ ಎರಡೂ ಪಕ್ಕ ಹನ್ನೆರಡು ಮಂದಿ ಹೆಂಗಸರು ನಿಂತು ಕಪ್ಪನ್ನು ಎತ್ತಿ ಹಿಂದಿನ ತೊಟ್ಟಿಗೆ ಎಸೆಯುತ್ತಿದ್ದರು.

ಮೊದಲ ದಿನ ಹಿರಿಯ ಕೆಲಸಗಾತಿಯೊಬ್ಬಳು ದೊಡ್ಡಮ್ಮನಿಗೆ ಪಾಠ ಹೇಳಿದಳಂತೆ: "ಬಿಳಿ ಇದ್ರೆ ಬಿಡು, ಕಪ್ಪಿದ್ರೆ ಎತ್ತು. ಇಷ್ಟೇ ವಿದ್ಯೆ. ನಾಳೆಯಿಂದ ನೀನೂ ಪಂಡಿತಳು."

ನಾಲ್ಕನೆಯ ದಿನ ದೊಡ್ಡಮ್ಮ ಎತ್ತಿದ ಕಡ್ಡಿಯೊಂದು ಕೈಯಿಂದ ತೊಟ್ಟಿಗೆ ಹೋಗಲಿಲ್ಲ. ಬೆರಳುದ್ದದ್ದು. ಮೈತುಂಬ ಉದ್ದುದ್ದ ಸಣ್ಣ ಗೀರುಗಳು, ತುದಿಯಲ್ಲಿ ಮೂರು ಕಡೆಯಿಂದ ಇಳಿಜಾರು ಬಂದು ಕೂಡಿದ ಮೊನೆ, ಆಗ ತಾನೇ ಪಾಲಿಶ್ ಹಾಕಿದ ಬೂಟಿನ ಹೊಳಪು. ಪಕ್ಕದವಳಿಗೆ ತೋರಿಸಿ ಕೇಳಿದಳು.

"ಇದನ್ನ ಯಾರು ಕೆತ್ತಿದ್ದು?"

"ಯಾರೂ ಕೆತ್ತಿಲ್ಲ. ಅದು ಹುಟ್ಟೋದೇ ಹಾಗೆ."

"ಹುಟ್ಟೋದೇ ಹೀಗಾ?" ಎಂದು ದೊಡ್ಡಮ್ಮ ಮತ್ತೆ ನೋಡಿದಳು. ಅಷ್ಟರಲ್ಲಿ ಮೂರು ಕಪ್ಪು ಕಲ್ಲು ಅವಳ ಕಣ್ಣು ತಪ್ಪಿಸಿ ಮುಂದೆ ಹೋದವು. ಅದಕ್ಕೆ ಬೈಗುಳ ತಿಂದಳು. ಸಂಜೆ ಆ ಕಡ್ಡಿ ಊಟದ ಡಬ್ಬಿಯಲ್ಲಿ ಕೂತು ಮನೆಗೆ ಬಂತು.

ದೊಡ್ಡಪ್ಪ ದರ್ಜಿ. ಮನೆಯ ಮುಂಭಾಗದ ಕೋಣೆಯೇ ಅಂಗಡಿ: ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದ ಮೇಜು, ಅದರ ತುದಿಯಲ್ಲಿ ಇಸ್ತ್ರಿ ಪೆಟ್ಟಿಗೆ. ಗೋಡೆಗೆ ಒರಗಿ, ಮುಚ್ಚಿಹೋದ ಔಷಧಿ ಅಂಗಡಿಯಿಂದ ತಂದ ಕಪಾಟು, ಅದರಲ್ಲಿ ನಲವತ್ತು ಪುಟ್ಟ ಖಾನೆಗಳು. ಖಾನೆಗಳ ತುಂಬ ಗುಂಡಿಗಳು: ಅಂಗಿಯವು, ಕೋಟಿನವು, ಮಕ್ಕಳ ಫ್ರಾಕಿನವು. ದೊಡ್ಡಪ್ಪ ತುಸು ಬಾಯಿಬಡುಕ, ಮನಸ್ಸು ಮಾತ್ರ ಬೆಣ್ಣೆ. ಹೆಂಡತಿ ತಂದ ಕಡ್ಡಿಯನ್ನು ತಿರುಗಿಸಿ ನೋಡಿ, "ಎಲ್ಲರ ಹೆಂಡ್ತೀರು ಬಂಗಾರ ಕೇಳ್ತಾರೆ, ನನ್ನವಳು ಕಲ್ಲು ತಾನೇ ತರ್ತಾಳೆ. ನನ್ನಂಥ ಪುಣ್ಯವಂತ ಇಲ್ಲ," ಎಂದು ಮೂಲೆಯ ಒಂದು ಖಾನೆಯನ್ನು ಖಾಲಿ ಮಾಡಿಕೊಟ್ಟ.

ಬೆರಳು ಕೊಟ್ಟರೆ ಹಸ್ತ ನುಂಗಿದ ಕತೆಯಾಯಿತು. ವರ್ಷ ತುಂಬುವುದರೊಳಗೆ ಏಳು ಖಾನೆ ಹರಳಿನ ಪಾಲಾದವು. ಕಪ್ಪು ಕಡ್ಡಿಗಳಲ್ಲದೆ ಅಪರೂಪಕ್ಕೆ ಹಸಿರು ಕಡ್ಡಿ ಸಿಗುತ್ತಿತ್ತು. ಅದಕ್ಕಿಂತ ಅಪರೂಪಕ್ಕೆ ಸಮುದ್ರದ ತಿಳಿನೀರಿನ ಬಣ್ಣದ ಹರಳು. ಅದು ಬೇರೆ ಜಾತಿ: ಆರು ಪಟ್ಟೆಯ ಪೆನ್ಸಿಲಿನ ಹಾಗೆ ಸಮನಾದ ಆರು ಮೈ, ತಲೆ ಚಪ್ಪಟೆ. ಬೆಲ್ಟಿನ ಹೆಂಗಸರು ಅದನ್ನು ನೀಲಿಗಾಜು ಎನ್ನುತ್ತಿದ್ದರು. ದೊಡ್ಡಮ್ಮನ ಹುಚ್ಚು ಗೊತ್ತಾದ ಮೇಲೆ ಅವರೇ ಎತ್ತಿ, "ಏ ಕಲ್ಲಕ್ಕ, ತಗೋ ನಿನ್ನ ಗಾಜು" ಎಂದು ಅವಳ ಏಪ್ರನ್ನಿನ ಜೇಬಿಗೆ ಹಾಕುತ್ತಿದ್ದರು. ಕಲ್ಲಕ್ಕ ಎಂಬ ಹೆಸರು ಹಾಗೆ ಅಂಟಿದ್ದು, ಮತ್ತೆ ಬಿಡಲಿಲ್ಲ.

ಅಂಗಡಿಯಲ್ಲಿ ಇದರಿಂದ ಸಣ್ಣಪುಟ್ಟ ಫಜೀತಿಗಳಾಗದೆ ಇರಲಿಲ್ಲ. ಒಮ್ಮೆ ವಕೀಲರೊಬ್ಬರು ಕೋಟಿಗೆ ದಪ್ಪ ಕಪ್ಪು ಗುಂಡಿ ಬೇಕೆಂದರು. ದೊಡ್ಡಪ್ಪ ಯಂತ್ರದಿಂದ ಏಳದೆ, "ಎಡಗಡೆ ಮೂರನೇ ಖಾನೆ, ನೀವೇ ನೋಡಿ" ಎಂದ. ವಕೀಲರು ಖಾನೆ ಎಳೆದು ಕಡ್ಡಿಯೊಂದನ್ನು ಎತ್ತಿ ಹಿಡಿದು, "ಇದನ್ನ ಹಾಕ್ಕೊಂಡ್ರೆ ನ್ಯಾಯಾಧೀಶರ ಮುಂದೆ ಬಗ್ಗೋದು ಹೇಗೆ?" ಎಂದು ಕೇಳಿದರು. ಆವತ್ತೇ ದೊಡ್ಡಪ್ಪ ಗುಂಡಿಗಳೆಲ್ಲವನ್ನೂ ಕೆಳಗಿನ ಸಾಲಿಗೆ ಇಳಿಸಿ, ಮೇಲಿನ ಸಾಲುಗಳನ್ನು ಹೆಂಡತಿಗೆ ಬಿಟ್ಟುಕೊಟ್ಟ. ಉಳಿದ ಬಟ್ಟೆ ಚೂರುಗಳಿಗೆ ಹತ್ತಿ ತುಂಬಿ, ಒಂದೊಂದು ಹರಳಿಗೂ ಒಂದೊಂದು ಪುಟ್ಟ ಹಾಸಿಗೆ ಹೊಲಿದ.

ದೊಡ್ಡಪ್ಪನೂ ಈ ಹುಚ್ಚಿಗೆ ಬಿದ್ದದ್ದು ಇಸ್ತ್ರಿ ಪೆಟ್ಟಿಗೆಯ ದೆಸೆಯಿಂದ. ಹಸಿರು ಕಡ್ಡಿಗಳಲ್ಲಿ ದಪ್ಪನೆಯದೊಂದನ್ನು ಅವನು ಕಾಗದದ ಅಳತೆ ಚೀಟಿಗಳು ಹಾರದಂತೆ ಮೇಜಿನ ಮೇಲೆ ಇಟ್ಟುಕೊಂಡಿದ್ದ. ಅದರ ಪಕ್ಕದಲ್ಲೇ ಕಾದ ಇಸ್ತ್ರಿ. ಸ್ವಲ್ಪ ದಿನವಾದ ಮೇಲೆ ಗಮನಿಸಿದ: ಇಸ್ತ್ರಿ ಆರಿಸಿದ ಸ್ವಲ್ಪ ಹೊತ್ತಿಗೆಲ್ಲ ಹರಳಿನ ಎರಡೂ ತುದಿಗೆ ದಾರದ ಎಳೆ, ಬಟ್ಟೆಯ ನಾರು ಮೀಸೆ ಬಂದ ಹಾಗೆ ಅಂಟಿರುತ್ತಿದ್ದವು. ಒರೆಸಿದ. ಮಾರನೆಯ ದಿನ ಮತ್ತೆ ಮೀಸೆ. ಎಣ್ಣೆ ಹತ್ತಿರಬೇಕೆಂದು ಸೋಪು ಹಾಕಿ ತೊಳೆದ. ಆಮೇಲೂ ಅದೇ ಕತೆ.

"ಏನೇ, ನಿನ್ನ ಕಲ್ಲು ದಾರ ತಿಂತಿದೆ ಬಾ ಇಲ್ಲಿ," ಎಂದು ಕೂಗಿದ.

ಆ ಭಾನುವಾರ ಇಬ್ಬರೂ ಎಲ್ಲ ಖಾನೆಗಳನ್ನೂ ಹೊರಗೆ ತೆಗೆದರು. ಒಂದೊಂದೇ ಹರಳನ್ನು ಬಟ್ಟೆಯಲ್ಲಿ ಸುತ್ತಿ, ಇಸ್ತ್ರಿಯ ಪಕ್ಕದಲ್ಲಿ ಬೆಚ್ಚಗೆ ಮಾಡಿ, ಆರಲು ಬಿಟ್ಟು, ಸಣ್ಣ ಎಳೆಗಳ ಹತ್ತಿರ ಹಿಡಿದು ನೋಡಿದರು. ಹಸಿರು ಕಡ್ಡಿಗಳೆಲ್ಲ ಎಳೆದವು. ಕಪ್ಪು ಕಡ್ಡಿಗಳು ಮನಸ್ಸಿಲ್ಲದ ಮನಸ್ಸಿನಿಂದ ಒಂದೋ ಎರಡೋ ಎಳೆ ಹಿಡಿದವು. ಆರು ಮೈಯ ನೀಲಿಗಾಜು ಮಾತ್ರ ಜಪ್ಪಯ್ಯ ಎಂದರೂ ಒಂದು ಎಳೆಯನ್ನೂ ಮುಟ್ಟಲಿಲ್ಲ. ಏಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. "ಒಂದು ಕಂಡಿದ್ದೆಲ್ಲ ತನ್ನ ಕಡೆ ಎಳ್ಕೊಳ್ಳುತ್ತೆ, ಇನ್ನೊಂದು ತಣ್ಣಗೆ ಕೂತಿರುತ್ತೆ. ಥೇಟ್ ನಾವಿಬ್ಬರೇ," ಎಂದು ದೊಡ್ಡಪ್ಪ ತೀರ್ಪು ಕೊಟ್ಟ. ಯಾರು ಯಾವುದೆಂದು ಕೊನೆಗೂ ಹೇಳಲಿಲ್ಲ.

ಹನ್ನೊಂದನೆಯ ವರ್ಷದಲ್ಲಿ ಆ ದೊಡ್ಡ ಕಲ್ಲು ಬಂತು.

ಅಂದು ದೊಡ್ಡಮ್ಮ ಬೆಲ್ಟಿನ ಕೊನೆಯಲ್ಲಿ ನಿಂತಿದ್ದಳು. ಅವಳ ಮುಂದೆ ಹತ್ತು ಹೆಜ್ಜೆಗೆ ಕಲ್ಲು ಅಗಿಯುವ ಯಂತ್ರದ ಬಾಯಿ. ಕುಂಬಳಕಾಯಿ ಗಾತ್ರದ ಬಿಳಿಕಲ್ಲೊಂದು ಹೊರಳಿಕೊಂಡು ಬಂದು, ಅವಳ ಮುಂದೆ ಮಗ್ಗುಲಾಯಿತು. ಮಗ್ಗುಲಿನಲ್ಲಿ ನೀಲಿ. ಚೂರಲ್ಲ, ಎಳೆಯಲ್ಲ, ಮಣಿಕಟ್ಟಿನಷ್ಟು ದಪ್ಪದ ಆರು ಮೈಯ ಹರಳೊಂದು ಬಿಳಿಕಲ್ಲಿನೊಳಗಿನಿಂದ ಅರ್ಧ ಹೊರಗೆ ಬಂದಿತ್ತು. ಎತ್ತಲು ನೋಡಿದಳು, ಅಲ್ಲಾಡಲಿಲ್ಲ. ಎರಡು ಹೆಜ್ಜೆ ಅದರ ಜೊತೆಗೇ ನಡೆದಳು. ಆಮೇಲೆ ತಲೆಯ ಮೇಲಿನ ಕೆಂಪು ಹಗ್ಗವನ್ನು ಎಳೆದುಬಿಟ್ಟಳು.

ಯಾರದ್ದಾದರೂ ಕೈ ಸಿಕ್ಕಿಕೊಂಡರೆ ಮಾತ್ರ ಎಳೆಯಬೇಕಾದ ಹಗ್ಗ ಅದು. ಬೆಲ್ಟು ನಿಂತಿತು, ಗಂಟೆ ಹೊಡೆಯಿತು. ಔಷಧಿ ಪೆಟ್ಟಿಗೆ ಹಿಡಿದುಕೊಂಡೇ ಸೂಪರ್‌ವೈಸರ್ ಮೆಟ್ಟಿಲಿಳಿದು ಓಡಿಬಂದರು.

"ಯಾರ ಕೈ? ಯಾರ ಕೈ?"

"ಕೈ ಎಲ್ಲರದ್ದೂ ಚೆನ್ನಾಗಿದೆ ಸಾರ್," ಎಂದಳು ದೊಡ್ಡಮ್ಮ. "ಈ ಕಲ್ಲು ಸಾರ್."

ಸೂಪರ್‌ವೈಸರ್ ಕಲ್ಲನ್ನು ನೋಡಿದರು, ಅವಳನ್ನು ನೋಡಿದರು, ಔಷಧಿ ಪೆಟ್ಟಿಗೆಯನ್ನು ಕೆಳಗಿಟ್ಟು ಅದರ ಮೇಲೇ ಕೂತುಬಿಟ್ಟರು. ಓಡಿಬಂದ ಏದುಸಿರು ಇಳಿಯಬೇಕಿತ್ತು.

"ನನ್ನ ಎದೆ ಒಡೆದು ಹೋಗ್ತಿತ್ತು ಕಣಮ್ಮ. ಒಂದು ಕಲ್ಲಿಗೋಸ್ಕರ ಹಗ್ಗ ಎಳೆದ್ಯಾ?"

"ತಪ್ಪಾಯ್ತು ಸಾರ್. ಆದ್ರೆ ಎಳೀದೆ ಇದ್ದಿದ್ರೆ ಇಷ್ಟೊತ್ತಿಗೆ ಪುಡಿ ಆಗಿರ್ತಿತ್ತು."

ಮೂರು ದಿನ ಕೆಲಸಕ್ಕೆ ಬರಬಾರದೆಂದು ಶಿಕ್ಷೆಯಾಯಿತು. ಹೋಗುವಾಗ ಸೂಪರ್‌ವೈಸರ್ ಬೇರೆ ಕಡೆ ನೋಡುತ್ತ, "ಅದನ್ನೂ ಕರ್ಕೊಂಡು ಹೋಗು. ಇಲ್ಲಿ ಇದ್ರೆ ಎಲ್ಲರೂ ಕೆಲಸ ಬಿಟ್ಟು ನೋಡ್ತಾ ನಿಲ್ತಾರೆ," ಎಂದು ಗೇಟಿಗೆ ಚೀಟಿ ಬರೆದುಕೊಟ್ಟರು. ಚೀಟಿಯಲ್ಲಿ ಇದ್ದದ್ದು ಇಷ್ಟೇ: ಕಸ, ಒಂದು.

ಮೂರು ದಿನದ ಶಿಕ್ಷೆಯನ್ನು ದೊಡ್ಡಮ್ಮ ಹಬ್ಬದ ರಜೆಯಂತೆ ಕಳೆದಳು. ಹರಳಿನ ಸುತ್ತಲ ಬಿಳಿಕಲ್ಲನ್ನು ಸಣ್ಣ ಉಳಿಯಿಂದ, ಆಮೇಲೆ ಗೋಣಿ ಹೊಲಿಯುವ ದಬ್ಬಳದಿಂದ, ನೀರು ಹಾಕಿಕೊಂಡು ಬಿಡಿಸುತ್ತ ಹೋದಳು. ಕೆಲಸಕ್ಕೆ ಮರಳಿದ ಮೇಲೂ ದಿನಾ ಸಂಜೆ ಒಂದು ಗಂಟೆ ಅದೇ ಕೆಲಸ. ಎರಡು ತಿಂಗಳಾಗುವಾಗ ಹರಳು ಬುಡದಲ್ಲಿ ಮಾತ್ರ ಅಂಟಿಕೊಂಡಿತ್ತು. ದೀಪದ ಮುಂದೆ ಹಿಡಿದರೆ ಅದರ ನೀಲಿಯೊಳಗೆ ಮಳೆಯ ಎಳೆಗಳಂತೆ ಸಣ್ಣ ಸಣ್ಣ ಕೊಳವೆಗಳು ಕಾಣುತ್ತಿದ್ದವು.

"ಇನ್ನೊಂದೇ ಏಟು," ಎಂದಳು ಒಂದು ಭಾನುವಾರ ಮಧ್ಯಾಹ್ನ.

"ನಾಳೆ ಹೊಡಿ," ಎಂದ ದೊಡ್ಡಪ್ಪ.

ಅವಳು ಹೊಡೆದೇ ಬಿಟ್ಟಳು. ಟಕ್ ಎಂದು ಸಣ್ಣ ಸದ್ದಾಯಿತು. ಹರಳು ನಡುವಿಗೆ ಎರಡಾಗಿ ಅವಳ ಮಡಿಲಿಗೆ ಬಿತ್ತು.

ದೊಡ್ಡಮ್ಮ ಅಳಲಿಲ್ಲ. ಎರಡೂ ತುಂಡನ್ನು ಮಡಿಲಿನಲ್ಲೇ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಬಾಯಿಬಡುಕ ದೊಡ್ಡಪ್ಪ ಎದ್ದು ಹೊಲಿಗೆ ಯಂತ್ರದ ಮುಂದೆ ಕೂತ. ತುಂಡುಗಳಿಗೆ ಮಖಮಲ್ಲಿನ ಎರಡು ಚೀಲ ಹೊಲಿದು ಕೊನೆಯ ಖಾನೆಯಲ್ಲಿಟ್ಟ. ಮುಂದಿನ ಎರಡು ಮೂರು ವಾರ ಅವಳು ಬೆಲ್ಟಿನ ಮೇಲೆ ಬಂದ ಎಲ್ಲ ಕಡ್ಡಿಗಳನ್ನೂ, ಹಸಿರೆನ್ನದೆ ನೀಲಿಯೆನ್ನದೆ, ತೊಟ್ಟಿಗೆ ಎಸೆದಳು. ಊಟದ ಡಬ್ಬಿ ಖಾಲಿಯಾಗಿ ಮನೆಗೆ ಬರುತ್ತಿತ್ತು. ದೊಡ್ಡಪ್ಪ ದಿನಾ ಅದನ್ನು ತೆರೆದು ನೋಡಿ ಮುಚ್ಚುತ್ತಿದ್ದ.

ಹೀಗಿರುವಾಗ ಭೂವಿಜ್ಞಾನ ಕಲಿಸುವ ಕಾಲೇಜು ಮೇಷ್ಟ್ರೊಬ್ಬರು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಅಂಗಡಿಗೆ ಬಂದರು. ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ. ದೊಡ್ಡಪ್ಪ ಮಂಡಿಯೂರಿ ಅಳತೆ ಹಿಡಿದಿದ್ದಾಗ ಮೇಷ್ಟ್ರ ಕಣ್ಣು ಮೇಜಿನ ಮೇಲೆ ಬಿತ್ತು.

"ಇದನ್ನ ಇಲ್ಲಿ ಯಾಕೆ ಇಟ್ಟಿದ್ದೀರಿ?"

"ಚೀಟಿ ಹಾರಬಾರದು ಅಂತ."

"ಟೂರ್ಮಲೀನನ್ನ ಚೀಟಿ ಹಾರದ ಹಾಗೆ ಇಟ್ಟಿದ್ದೀರಾ?" ಮೇಷ್ಟ್ರು ಒಂದು ಹೆಜ್ಜೆ ಮುಂದಿಟ್ಟರು. ದೊಡ್ಡಪ್ಪ ಚುಚ್ಚಿದ್ದ ಪಿನ್ನು ಕಾಲಿಗೆ ನಾಟಿತು. ಅದೂ ಅವರಿಗೆ ಗೊತ್ತಾಗಲಿಲ್ಲ.

ಮೇಷ್ಟ್ರು ಮನೆಗೆ ಹೋದದ್ದು ಸಂಜೆ. ಅಷ್ಟು ಹೊತ್ತಿಗೆ ಎಲ್ಲ ಖಾನೆಗಳೂ ಮೇಜಿನ ಮೇಲಿದ್ದವು. ಕಪ್ಪು ಕಡ್ಡಿ, ಹಸಿರು ಕಡ್ಡಿ ಎರಡೂ ಟೂರ್ಮಲೀನ್, ಆರು ಮೈಯ ನೀಲಿಗಾಜು ಅಕ್ವಾಮರೀನ್ ಎಂದು ದೊಡ್ಡಮ್ಮನಿಗೆ ಗೊತ್ತಾಯಿತು. ಕಾದು ಆರುವಾಗ ದಾರ ಎಳೆಯುವುದು ಟೂರ್ಮಲೀನಿನ ಹುಟ್ಟುಗುಣ, ಮೈಯಲ್ಲಿ ಒಂದು ಬಗೆಯ ವಿದ್ಯುತ್ತು ಹುಟ್ಟುತ್ತದೆ ಎಂದು ಮೇಷ್ಟ್ರು ವಿವರಿಸಿದಾಗ ದೊಡ್ಡಪ್ಪ ಎದೆಯುಬ್ಬಿಸಿ ಹೆಂಡತಿಯನ್ನು ನೋಡಿದ.

ಕೊನೆಗೆ ಮಖಮಲ್ಲಿನ ಚೀಲಗಳೂ ಹೊರಬಂದವು. ದೊಡ್ಡಮ್ಮ ನೆಲ ನೋಡುತ್ತ, "ಇದು ನನ್ನ ಆತುರಕ್ಕೆ ಮುರೀತು," ಎಂದಳು.

ಮೇಷ್ಟ್ರು ಅವಳದೇ ಖಾನೆಯಿಂದ ಒಂದು ಕಪ್ಪು ಕಡ್ಡಿಯನ್ನು ಆರಿಸಿ ಅವಳ ಅಂಗೈಯಲ್ಲಿಟ್ಟರು. ಅದರ ಮೈಗೆ ಅಡ್ಡಡ್ಡವಾಗಿ ನಾಲ್ಕು ಬಿಳಿ ಪಟ್ಟೆಗಳಿದ್ದವು. ಅವಳು ಅದನ್ನು ಚೆಂದಕ್ಕೆಂದು ಇಟ್ಟುಕೊಂಡಿದ್ದಳು.

"ಇದು ನೆಲದೊಳಗೇ ಮುರಿದಿದ್ದು. ಐದು ತುಂಡು. ಆಮೇಲೆ ಸಂದಿಯಲ್ಲಿ ಬೆಣಚುಕಲ್ಲು ಬೆಳೆದು ಮತ್ತೆ ಕೂಡಿಕೊಂಡಿದೆ. ಮುರಿಯೋದು ನಿಮ್ಮಿಂದ ಶುರುವಾಗಿದ್ದಲ್ಲ."

"ಕೂಡ್ಕೊಳ್ಳೋಕೆ ಎಷ್ಟು ದಿನ ಬೇಕಾಯ್ತು?"

"ದಿನ ಎಲ್ಲಿ ಬಂತು? ಸಾವಿರ, ಲಕ್ಷ ವರ್ಷದ ಲೆಕ್ಕ."

"ನನಗೆ ಅಷ್ಟು ರಜಾ ಕೊಡಲ್ಲ ಮೇಷ್ಟ್ರೇ," ಎಂದಳು ದೊಡ್ಡಮ್ಮ. ವಾರಗಳ ನಂತರ ಅವಳು ಆಡಿದ ಮೊದಲ ತಮಾಷೆ ಅದು. ದೊಡ್ಡಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಮಾರನೆಯ ಸಂಜೆ ಊಟದ ಡಬ್ಬಿ ಗಲಗಲ ಎನ್ನುತ್ತ ಬಂತು.

ಮೇಷ್ಟ್ರಿಗೆ ಹರಳುಗಳಿಗಿಂತ ಹೆಚ್ಚು ಬೆರಗಾದದ್ದು ಅವಳ ನೆನಪು. ಯಾವುದನ್ನು ತೋರಿಸಿದರೂ ಅದು ಯಾವ ಗಣಿಯ ಲಾರಿಯಲ್ಲಿ, ಯಾವ ಕಾಲದಲ್ಲಿ, ಯಾವ ಕಲ್ಲಿಗೆ ಅಂಟಿಕೊಂಡು ಬಂತೆಂದು ಹೇಳುತ್ತಿದ್ದಳು. ಲಾರಿಯವರನ್ನು ಕೇಳಿ ಕೇಳಿ ಇಟ್ಟುಕೊಂಡಿದ್ದ ವಿವರ. "ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಹರಳು ವಿಳಾಸ ಇಲ್ಲದ ಕಾಗದ. ಇದನ್ನೆಲ್ಲ ಬರೆದಿಡಿ," ಎಂದರು ಮೇಷ್ಟ್ರು. ಅವಳು ಒಂದು ನೋಟ್‌ಬುಕ್ ಹಾಕಿದಳು. ಹರಳುಗಳಿಗೆ ಅಂಟಿಸಲು ಸಂಖ್ಯೆ ಬೇಕಾಯಿತು. ದೊಡ್ಡಪ್ಪ ಸವೆದುಹೋದ ಅಳತೆ ಪಟ್ಟಿಯೊಂದನ್ನು ತಂದು ಒಂದರಿಂದ ನೂರೈವತ್ತರವರೆಗೆ ಕತ್ತರಿಸಿ ಕೊಟ್ಟ. ನೂರೈವತ್ತೊಂದು ಬಂದಾಗ ಇನ್ನೊಂದು ಪಟ್ಟಿ ತಂದು, ಆ ಸಲ ಕೆಂಪು ಬಣ್ಣದ್ದನ್ನು ಕತ್ತರಿಸಿದ.

ಮರುವರ್ಷ ದೂರದ ಪಟ್ಟಣದಲ್ಲಿ ಕಲ್ಲು ಮತ್ತು ಹರಳುಗಳ ಪ್ರದರ್ಶನವೊಂದು ನಡೆಯಿತು. ಕಾಲೇಜಿಗೆ ಒಂದು ಒಳ್ಳೆಯ ಅಕ್ವಾಮರೀನ್ ಕೊಳ್ಳಬೇಕಾಗಿತ್ತು. ಮೇಷ್ಟ್ರು ದೊಡ್ಡಮ್ಮನನ್ನೂ ಕರೆದರು. ಅಂಗಡಿಗೆ ಬೀಗ ಹಾಕಿ ದೊಡ್ಡಪ್ಪನೂ ಹೊರಟ.

ದೊಡ್ಡ ಸಭಾಂಗಣ, ಮೇಜಿನ ಪಕ್ಕ ಮೇಜು, ಎಲ್ಲೆಲ್ಲೂ ಹರಳು. ದೊಡ್ಡಮ್ಮ ಮೊದಲ ಅರ್ಧ ಗಂಟೆ ಒಂದೊಂದೇ ಮೇಜಿಗೆ ಬಗ್ಗಿ ನೋಡುತ್ತ ಹೋದಳು. ಒಬ್ಬ ವ್ಯಾಪಾರಿಯ ಮುಂದೆ ಮೇಷ್ಟ್ರು ನಿಂತರು. ಗುಂಡು ಹೊಟ್ಟೆಯ, ನಗುಮುಖದ ಮನುಷ್ಯ. ಅವನು ಹತ್ತಿಯಿಂದ ತೆಗೆದು ತೋರಿಸಿದ ತಿಳಿನೀಲಿ ಹರಳು ಹೊಳೆಯಲ್ಲಿ ಉರುಳಿ ಮೈ ಸವೆಸಿಕೊಂಡಿತ್ತು. ಮೊನೆಯೋ ಚಪ್ಪಟೆಯೋ ತಿಳಿಯದಂತೆ ಎರಡೂ ತುದಿ ಸವೆದಿದ್ದವು. ಬಣ್ಣ ಮಾತ್ರ ಕಣ್ಣು ಕೀಳಲು ಬಿಡದಂಥದ್ದು. ಬೆಲೆಯೂ ಕಾಲೇಜಿನ ಕೈಗೆ ಎಟಕುವಂತಿತ್ತು. ಮೇಷ್ಟ್ರು ತಲೆಯಾಡಿಸಿ ದೊಡ್ಡಮ್ಮನ ಕೈಗೆ ಕೊಟ್ಟರು.

ಅವಳು ಅಂಗೈಯಲ್ಲಿ ಎರಡು ಸಲ ತೂಗಿದಳು. ಹೆಬ್ಬೆರಳಿನ ಉಗುರನ್ನು ಅದರ ಮೈಗೆ ಅಡ್ಡವಾಗಿ ಮೆಲ್ಲಗೆ ಎಳೆದು, ಉದ್ದ ಗೀರುಗಳ ಗುರುತು ಉಳಿದಿದೆಯೇ ಎಂದು ನೋಡಿದಳು.

"ಇದು ಭಾರ ಇದೆ ಮೇಷ್ಟ್ರೇ. ಅಕ್ವಾಮರೀನ್ ಇಷ್ಟು ಭಾರ ಇರಲ್ಲ."

ವ್ಯಾಪಾರಿಯ ನಗು ಸ್ವಲ್ಪ ಕಡಿಮೆಯಾಯಿತು. "ಅಮ್ಮಾ, ನಾನು ಇಪ್ಪತ್ತು ವರ್ಷದಿಂದ ಈ ವ್ಯಾಪಾರದಲ್ಲಿದ್ದೀನಿ."

"ನಾನು ಹನ್ನೆರಡು ವರ್ಷದಿಂದ ಬೆಲ್ಟಿನ ಹತ್ರ ನಿಂತಿದ್ದೀನಪ್ಪ. ಎರಡನ್ನೂ ಎತ್ತಿ ಎತ್ತಿ ಕೈಗೆ ಗೊತ್ತಾಗಿದೆ." ಅವಳು ಗಂಡನ ಕಡೆ ತಿರುಗಿದಳು. "ರೀ, ಎಲ್ಲಾದ್ರೂ ಬಿಸಿ ಇದ್ಯಾ ನೋಡ್ರೀ."

ಬಾಗಿಲಿನ ಹತ್ತಿರ ಟೀ ಮಾರುವವನೊಬ್ಬನಿದ್ದ. ವ್ಯಾಪಾರಿಯ ಒಪ್ಪಿಗೆ ಪಡೆದು, ಹರಳನ್ನು ಕರವಸ್ತ್ರದಲ್ಲಿ ಸುತ್ತಿ, ಕೆಟಲಿಗೆ ತಾಗಿಸಿ ಇಟ್ಟರು. ಟೀಯವನು, "ಬೇಯೋಕೆ ಎಷ್ಟೊತ್ತು ಹಿಡಿಯುತ್ತೆ?" ಎಂದು ಗಂಭೀರವಾಗಿ ಕೇಳಿದ. ಸುತ್ತ ಹದಿನೈದು ಇಪ್ಪತ್ತು ಜನ ಸೇರಿದರು. ಸ್ವಲ್ಪ ಹೊತ್ತಾದ ಮೇಲೆ ಹರಳನ್ನು ತೆಗೆದು ಮೇಜಿನ ಮೇಲೆ ಆರಲು ಬಿಟ್ಟರು. ದೊಡ್ಡಪ್ಪ ತನ್ನ ಸ್ವೆಟರಿನ ತೋಳಿನಿಂದ ಒಂದಿಷ್ಟು ಉಣ್ಣೆಯ ಎಳೆ ಕಿತ್ತು ಪಕ್ಕದಲ್ಲಿ ಉದುರಿಸಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಎಳೆ ತಲೆ ಎತ್ತಿತು, ಎದ್ದು ನಿಂತಿತು, ಟಪಕ್ಕನೆ ಹಾರಿ ಹರಳಿನ ತುದಿಗೆ ಅಂಟಿತು. ಅದರ ಹಿಂದೆ ಇನ್ನೊಂದು.

"ಟೂರ್ಮಲೀನ್," ಎಂದರು ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತ. "ನೀಲಿ ಟೂರ್ಮಲೀನ್. ನಾನು ಪುಸ್ತಕದಲ್ಲಷ್ಟೇ ನೋಡಿದ್ದೆ."

ವ್ಯಾಪಾರಿಯ ಮುಖ ಕೆಂಪಾಗಿತ್ತು. "ನಾನು ಮೋಸ ಮಾಡೋಕೆ ಅಂತ ಹೇಳಿದ್ದಲ್ಲ. ನನಗೂ ಹಾಗೇ ಹೇಳಿ ಮಾರಿದ್ರು."

"ಅಯ್ಯೋ, ಮೋಸ ಹೋಗ್ತಿದ್ದವರು ನೀವು," ಎಂದರು ಮೇಷ್ಟ್ರು. "ಈ ಬಣ್ಣದ್ದು ಅಕ್ವಾಮರೀನಿಗಿಂತ ಅಪರೂಪ. ಬೆಲೆಯೂ ಜಾಸ್ತಿ."

ದೊಡ್ಡಪ್ಪ ಹೆಂಡತಿಯ ಕಿವಿಯಲ್ಲಿ, "ಬಾಯಿ ಮುಚ್ಕೊಂಡು ಕೊಂಡ್ಕೊಂಡು ಹೋಗಿ ಆಮೇಲೆ ಭಾರ ಇದೆ ಅನ್ನಬಹುದಿತ್ತಲ್ಲೇ," ಎಂದ. ಪಿಸುಮಾತು ಅವನಿಗೆ ಎಂದೂ ಒಲಿದದ್ದಲ್ಲ, ಎಲ್ಲರಿಗೂ ಕೇಳಿಸಿತು. ವ್ಯಾಪಾರಿಗೆ ನಗು ತಡೆಯಲಾಗಲಿಲ್ಲ, ಹೊಟ್ಟೆ ಕುಲುಕಿಸಿ ನಕ್ಕ. "ನಾನು ಹೇಳಿದ ಬೆಲೆ ಹೇಳಿದ್ದೇ. ಮಾತು ಅಂದ್ರೆ ಮಾತು, ತಗೊಂಡು ಹೋಗಿ ಮೇಷ್ಟ್ರೇ. ಆದ್ರೆ ಈ ಅಮ್ಮ ಇವತ್ತು ಸಂಜೆವರೆಗೂ ನನ್ನ ಮೇಜಿನ ಹತ್ರ ಕೂತಿರಬೇಕು. ಇನ್ನೂ ಏನೇನು ಹೆಸರು ತಪ್ಪಿಟ್ಟಿದ್ದೀನೋ ನೋಡ್ಲಿ."

ದೊಡ್ಡಮ್ಮ ಕೂತಳು. ಸಂಜೆಯೊಳಗೆ ಆರು ಹೆಸರು ಬದಲಾಯಿಸಿದಳು, ಒಂದನ್ನು ಬರೀ ಬಾಟಲಿ ಗಾಜು ಎಂದು ತೆಗೆದಿರಿಸಿದಳು. ಟೀಯವನು ಎರಡು ಸಲ ಬಂದು, "ಬೇಯಿಸೋದು ಏನಾದ್ರೂ ಇದ್ಯಾ?" ಎಂದು ವಿಚಾರಿಸಿಕೊಂಡು ಹೋದ.

ಸುದ್ದಿ ಕಾರ್ಖಾನೆಗೆ ಅವಳಿಗಿಂತ ಮೊದಲೇ ತಲುಪಿತ್ತು. ಮುಂದಿನ ತಿಂಗಳು ಮೇಷ್ಟ್ರು ವಿದ್ಯಾರ್ಥಿಗಳನ್ನು ಬೆಲ್ಟು ತೋರಿಸಲು ಕರೆತಂದಾಗ, ವಿವರಿಸುವ ಕೆಲಸ ದೊಡ್ಡಮ್ಮನದಾಯಿತು. ಸೂಪರ್‌ವೈಸರ್ ಹಿಂದೆ ಕೈಕಟ್ಟಿ ನಿಂತು ಎಲ್ಲ ಕೇಳಿಸಿಕೊಂಡರು. ಆ ವಾರವೇ ಬೆಲ್ಟಿನ ಪಕ್ಕದಲ್ಲಿ ಕಸದ ತೊಟ್ಟಿಯ ಜೊತೆಗೆ ಮರದ ಪೆಟ್ಟಿಗೆಯೊಂದು ಬಂತು. ಮೇಲೆ ಸುಣ್ಣದಲ್ಲಿ 'ಕಲ್ಲಕ್ಕ' ಎಂದು ಬರೆದಿತ್ತು. "ಹಗ್ಗ ಎಳೆಯೋ ಬದಲು ಇದರಲ್ಲಿ ಹಾಕಮ್ಮ. ನನ್ನ ಎದೆ ಇನ್ನೊಂದು ಸಲ ತಡ್ಕೊಳ್ಳಲ್ಲ," ಎಂದರು ಅವರು.

ದೊಡ್ಡಮ್ಮ ಕೆಲಸದಿಂದ ನಿವೃತ್ತಳಾಗಿ ಈಗ ಎಂಟು ವರ್ಷ. ಅವಳ ಹರಳುಗಳಲ್ಲಿ ಅರ್ಧ ಕಾಲೇಜಿನ ಗಾಜಿನ ಕಪಾಟಿನಲ್ಲಿವೆ. ಎರಡು ತುಂಡಿನ ಅಕ್ವಾಮರೀನೂ ಅಲ್ಲೇ ಇದೆ. ಅಂಟು ಹಾಕಿ ಜೋಡಿಸೋಣವೆಂದಾಗ ಅವಳು ಬೇಡವೆಂದಳು. ತುಂಡುಗಳ ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಮಲಗಿಸಿದ್ದಾರೆ. ಒಡೆದ ಮೈ ನೋಡಲೆಂದೇ ಹುಡುಗರು ಕಪಾಟಿನ ಗಾಜಿಗೆ ಮೂಗು ಒತ್ತುತ್ತಾರಂತೆ.

ಕಣ್ಣು ಈಗ ಮಂಜಾಗಿದೆ, ಬೆರಳುಗಳು ಮಾತ್ರ ಚುರುಕು. ತಿಂಗಳಿಗೊಂದು ಭಾನುವಾರ ಬೆಲ್ಟಿನ ಹಳೆಯ ಗೆಳತಿಯರು ನಾಲ್ಕೈದು ಮಂದಿ ಸೇರಿ, ಮುಚ್ಚಿಹೋದ ಗಣಿಯ ಕಸದ ದಿಬ್ಬಕ್ಕೆ ಹೋಗುತ್ತಾರೆ. ದೊಡ್ಡಪ್ಪ ಮರದ ಕೆಳಗೆ ಟೀ ಫ್ಲಾಸ್ಕನ್ನೂ ಹರಳಿಗೆಂದು ತಾನೇ ಹೊಲಿದ ಬಟ್ಟೆ ಚೀಲವನ್ನೂ ಇಟ್ಟುಕೊಂಡು, ಕಾಲು ನೋವು, ಬಿಸಿಲು ಜಾಸ್ತಿ ಎಂದು ಗೊಣಗುತ್ತ ಕೂರುತ್ತಾನೆ. ಹೋದ ಸಲ ನಾನೂ ಹೋಗಿದ್ದೆ. ದೊಡ್ಡಮ್ಮ ದಿಬ್ಬದ ಮೇಲೆ ಕೂತು ಒಂದೊಂದೇ ಕಲ್ಲನ್ನು ಎತ್ತಿ, ಸವರಿ, ಪಕ್ಕಕ್ಕಿಡುತ್ತಿದ್ದಳು. ನಾನು ತೋರಿಸಿದ್ದೆಲ್ಲವೂ ಬರೀ ಕಾಗೆಬಂಗಾರ. ಮಧ್ಯಾಹ್ನದ ಹೊತ್ತಿಗೆ ಅವಳ ಕೈ ಒಂದು ಕಡೆ ನಿಂತಿತು. ಕಡ್ಡಿಯೊಂದನ್ನು ಎತ್ತಿ, ಮಣ್ಣನ್ನು ಬಟ್ಟೆಯಲ್ಲಿ ಒರೆಸಿ, ನನ್ನ ಕಣ್ಣಿನ ಮುಂದೆ ಹಿಡಿದಳು.

"ಇದು ಯಾವ ಬಣ್ಣ ಹೇಳು?"

"ಹಸಿರು. ತುದಿಯಲ್ಲಿ ಸ್ವಲ್ಪ ಗುಲಾಬಿ."

"ಗುಲಾಬಿನಾ? ಸರಿಯಾಗಿ ನೋಡಿ ಹೇಳು. ಗುಲಾಬಿ ನನಗೆ ಇದುವರೆಗೂ ಸಿಕ್ಕಿಲ್ಲ."

ನಾನು ಬಿಸಿಲಿಗೆ ಹಿಡಿದು ಮತ್ತೆ ನೋಡಿದೆ. ಗುಲಾಬಿಯೇ. ಹಾಗೆಂದು ಹೇಳಿದೆ.

ದೊಡ್ಡಮ್ಮ ಮರದ ಕಡೆಗೆ ತಿರುಗಿ ಕೂಗಿದಳು: "ರೀ, ಟೀ ಆಮೇಲೆ ಕುಡೀರಿ. ಮೊದಲು ಆ ಬಟ್ಟೆ ಚೀಲ ತಗೊಂಡು ಮೇಲೆ ಬನ್ನಿ."